ಬಿಳಿ ಆಲ್-ಇನ್-ಒನ್ ಕಂಪ್ಯೂಟರ್: 2018ರಿಂದ ಬಳಸಿದ ಅನುಭವ

ಈ ಕಂಪ್ಯೂಟರಿನ ಪರದೆ ಇವತ್ತಿಗೂ ಕೊಂಡ ದಿನ ಇದ್ದಷ್ಟೇ ಚೆನ್ನಾಗಿದೆ. ಅದರ ಬೆನ್ನಿಗೆ ಅಂಟಿಕೊಂಡಿರುವ ಯಂತ್ರಭಾಗ ಮಾತ್ರ ಸೋತಿದೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸುವ ದಾರಿಯನ್ನು ತಯಾರಕರು ಇಟ್ಟಿಲ್ಲ ಎಂಬ ಬೇಸರದಿಂದಲೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಇಲ್ಲಿ ಬೇಡ. ಇದೇ ಬಗೆಯ ಯಂತ್ರಗಳನ್ನು ಹಲವರು ಮಾರುತ್ತಾರೆ.

ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಇದನ್ನು ಕೊಂಡಾಗ ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಳು. ಗೋಡೆಯ ಮೇಲಿನ ಜಾಹೀರಾತಿನಲ್ಲಿ ಅವಳದೇ ವಯಸ್ಸಿನ ಹುಡುಗಿಯೊಬ್ಬಳು ಹೆಡ್‌ಫೋನ್ ಹಾಕಿಕೊಂಡು ಬಿಳಿ ಮೇಜಿನ ಮುಂದೆ ಕುಳಿತಿದ್ದಳು. ಮೇಜಿನ ಮೇಲೆ ಒಂದು ವೈರೂ ಕಾಣುತ್ತಿರಲಿಲ್ಲ. ಅಂಗಡಿಯ ಹುಡುಗ ಹಣ ಕೊಡುವ ನನ್ನ ಕಡೆ ತಿರುಗದೆ, “ನೋಡಮ್ಮ, ಸಿಪಿಯು ಡಬ್ಬವೇ ಇಲ್ಲ, ಎಲ್ಲ ಇದರೊಳಗೇ ಇದೆ” ಎಂದು ಮಗಳಿಗೇ ವಿವರಿಸಿದ. ಪ್ರೊಸೆಸರ್, ಅಂದರೆ ಕೆಲಸವನ್ನೆಲ್ಲ ಮಾಡುವ ಮುಖ್ಯ ಚಿಪ್, ಯಾವುದೆಂದು ನಾನು ಕೇಳಿದ್ದಕ್ಕೆ “ಐ3 ಸಾರ್” ಎಂಬಷ್ಟೇ ಉತ್ತರ ಬಂತು. 40,000 ರೂಪಾಯಿಯ ಆಸುಪಾಸಿನ ಆ ಬೆಲೆ, ಒಂದೇ ಸಂಬಳದ ನಮ್ಮ ಮನೆಗೆ ಸಣ್ಣದಾಗಿರಲಿಲ್ಲ.

ಮೊದಲ ವರ್ಷಗಳಲ್ಲಿ ಅದು ಕೊಟ್ಟ ಸಂತೋಷ ನಿಜವಾದದ್ದು. ಎಸ್.ಎಸ್. ಪುರಂನ ನಮ್ಮ ಮನೆಯ ನಡುಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದ ಕಿರಿದಾದ ಮೇಜಿನ ಮೇಲೆ ಅದು ಸಲೀಸಾಗಿ ಕುಳಿತುಕೊಂಡಿತು. ಸಂಜೆ ಶಾಲೆಯಿಂದ ಬಂದ ಮಗಳು ಕೈಕಾಲು ತೊಳೆದು, ಹಳೆಯ ಹತ್ತಿ ಪಂಚೆಯ ತುಂಡಿನಿಂದ ಪರದೆಯನ್ನು ಮೇಲಿನಿಂದ ಕೆಳಕ್ಕೆ ಒರೆಸಿ, ಯುಪಿಎಸ್ ಗುಂಡಿ ಒತ್ತಿ, ಅದು ಕೂಗಿ ಸುಮ್ಮನಾಗುವವರೆಗೆ ಕಾದು, ಆಮೇಲೆ ಕಂಪ್ಯೂಟರ್ ಹಾಕುತ್ತಿದ್ದಳು. ಆಯುಧಪೂಜೆಯ ದಿನ ನಮ್ಮ ತಾಯಿ ಪರದೆಗೆ ತಾಗದಂತೆ ಹಿಂಬದಿಗೆ ಅರಿಶಿನ ಕುಂಕುಮ ಇಟ್ಟರು; ಬಿಳಿ ಪ್ಲಾಸ್ಟಿಕ್ಕಿನ ಮೇಲಿನ ಆ ಹಳದಿ ಕಲೆ ಏನು ಮಾಡಿದರೂ ಹೋಗಲಿಲ್ಲ, ಮಗಳು ಅದನ್ನು ಹೋಗಲಾಡಿಸುವುದೂ ಬೇಡವೆಂದಳು. 2020ರಲ್ಲಿ ಪಾಠಗಳು ಆನ್‌ಲೈನ್ ಆದಾಗ, ಅಕ್ಕಪಕ್ಕದ ಮನೆಗಳ ಮಕ್ಕಳು ಅಂಗೈಯಗಲದ ಫೋನಿನಲ್ಲಿ ಬೋರ್ಡಿನ ಅಕ್ಷರ ಹುಡುಕುತ್ತಿದ್ದರೆ, ನಮ್ಮ ಇಬ್ಬರು ಮಕ್ಕಳು ಇಪ್ಪತ್ತೊಂದೂವರೆ ಇಂಚಿನ ಪರದೆಯ ಮುಂದೆ ಆರಾಮವಾಗಿ ಕುಳಿತು ಕಲಿತರು.

ಅಷ್ಟರಲ್ಲಿ ಯಂತ್ರ ನಿಧಾನವಾಗತೊಡಗಿತ್ತು. ಬೆಳಗಿನ ತರಗತಿಗೆ ಸಿದ್ಧವಾಗಬೇಕೆಂದರೆ ಕಾಫಿಗೆ ಹಾಲು ಕಾಯಲು ಇಡುವಾಗಲೇ ಅದನ್ನೂ ಹಾಕಬೇಕಿತ್ತು. ಕಾರಣ ಹುಡುಕುತ್ತಾ ಹೋದಾಗ ಜಾಹೀರಾತು ಹೇಳದೆ ಬಿಟ್ಟಿದ್ದು ಒಂದೊಂದಾಗಿ ತಿಳಿಯಿತು. ನಮ್ಮದರಲ್ಲಿರುವುದು ಇಂಟೆಲ್ ಕಂಪನಿಯ ಐ3-7100ಯು ಎಂಬ ಪ್ರೊಸೆಸರ್. ಐ3-7100 ಎಂಬ ಡೆಸ್ಕ್‌ಟಾಪ್ ಪ್ರೊಸೆಸರ್ 3.9 ಗಿಗಾಹರ್ಟ್ಸ್ ವೇಗದ್ದು, 51 ವ್ಯಾಟಿನದು. ಕೊನೆಯಲ್ಲಿ ‘ಯು’ ಸೇರಿದರೆ ಅದು ಲ್ಯಾಪ್‌ಟಾಪಿಗೆಂದು ಮಾಡಿದ 2.4 ಗಿಗಾಹರ್ಟ್ಸಿನ, 15 ವ್ಯಾಟಿನ ಪ್ರೊಸೆಸರ್. ಜೊತೆಗೆ ನಿಮಿಷಕ್ಕೆ 5,400 ಸುತ್ತು ತಿರುಗುವ ಲ್ಯಾಪ್‌ಟಾಪ್ ಗಾತ್ರದ ಹಾರ್ಡ್ ಡಿಸ್ಕ್. ತೆಳ್ಳಗಿನ ಕವಚದೊಳಗೆ ಬಿಸಿ ಏರಬಾರದೆಂದರೆ ಇಂಥ ಭಾಗಗಳನ್ನೇ ಹಾಕಬೇಕಾಗುತ್ತದೆ ಎಂಬುದು ಅರ್ಥವಾಗುತ್ತದೆ. ಆದರೆ ಮೇಜಿನ ಮೇಲೆಯೇ ಇರುವ, ಹೊತ್ತು ತಿರುಗುವ ಅನುಕೂಲವೂ ಇಲ್ಲದ ಯಂತ್ರವನ್ನು ಕೊಳ್ಳುವ ಹದಿನಾಲ್ಕರ ಹುಡುಗಿಗೆ ಆ ‘ಯು’ ಅಕ್ಷರದ ಬೆಲೆಯನ್ನು ಯಾರಾದರೂ ಹೇಳಬೇಕಿತ್ತು.

ಹಾಗೆಂದು ಚೆಂದಕ್ಕೂ ಶಕ್ತಿಗೂ ಹುಟ್ಟಾ ವಿರೋಧವೇನೂ ಇಲ್ಲ. ಕಂಪ್ಯೂಟರನ್ನು ಬಣ್ಣದಿಂದ ಮಾರುವ ಪರಿಪಾಠಕ್ಕೆ ದೊಡ್ಡ ತಿರುವು ಕೊಟ್ಟದ್ದು 1998ರ ಆಗಸ್ಟಿನಲ್ಲಿ ಬಂದ ಆಪಲ್‌ನ ನೀಲಿ ಐಮ್ಯಾಕ್. 1999ರ ಜನವರಿಯಲ್ಲಿ ಅದಕ್ಕೆ ಬ್ಲೂಬೆರಿ, ಗ್ರೇಪ್, ಟ್ಯಾಂಜರಿನ್, ಲೈಮ್, ಸ್ಟ್ರಾಬೆರಿ ಎಂದು ಹಣ್ಣಿನ ಹೆಸರಿನ ಐದು ಬಣ್ಣಗಳು ಬಂದವು. ಆ ಐಮ್ಯಾಕ್‌ನಲ್ಲಿದ್ದದ್ದು ಅದೇ ಸಂಸ್ಥೆಯ ಅಂದಿನ ವೃತ್ತಿಪರ ಡೆಸ್ಕ್‌ಟಾಪಿನಲ್ಲಿದ್ದ ಜಿ3 ಪ್ರೊಸೆಸರೇ. ಅದೇ ವರ್ಷದ ಅಕ್ಟೋಬರಿನ ಮಾದರಿಯಲ್ಲಿ, ಮೆಮೊರಿ ಸೇರಿಸಿಕೊಳ್ಳಲೆಂದು ತಳಭಾಗದಲ್ಲಿ ಒಂದು ಪುಟ್ಟ ಬಾಗಿಲನ್ನೂ ಇಟ್ಟಿದ್ದರು. ನಮ್ಮ ಕಂಪ್ಯೂಟರಿಗೆ ಬಾಗಿಲಿರಲಿ, ಹೊರಗೆ ಕಾಣುವ ಒಂದು ಸ್ಕ್ರೂ ಕೂಡ ಇಲ್ಲ.

ರಿಪೇರಿ ಮಾಡುವವರ ಬಳಿ ಒಯ್ದಾಗ ಆತ ಅಂಚನ್ನು ಉಗುರಿನಿಂದ ತಡವಿ ನೋಡಿ, “ಬಿಚ್ಚಬಹುದು ಸಾರ್, ಆದರೆ ಡಿಸ್‌ಪ್ಲೇ ಕೇಬಲ್ ಹೋದರೆ ನನ್ನನ್ನು ಕೇಳಬೇಡಿ” ಎಂದ. ಒಪ್ಪಿದೆ. ತೆಳುವಾದ ಪ್ಲಾಸ್ಟಿಕ್ ಚೂರನ್ನು ಅಂಚಿನ ಸಂದಿಗೆ ತೂರಿಸಿ, ಒಂದೊಂದೇ ಕೊಕ್ಕೆಯನ್ನು ಎಬ್ಬಿಸುತ್ತಾ ಆತ ಸುತ್ತು ಬಂದ ರೀತಿ ನೋಡುವಂತಿತ್ತು. ಒಳಗೆ ಫ್ಯಾನಿನ ರೆಕ್ಕೆಗಳ ಮೇಲೆ ರಸ್ತೆ ಧೂಳು ಬೂದುಬಣ್ಣದ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಧೂಳು ತೆಗೆದು, ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್ಪಿನ ಡಿಸ್ಕ್, ಹಾಕಿಸಿದ ಮೇಲೆ ಕಂಪ್ಯೂಟರಿಗೆ ಮತ್ತೆ ಜೀವ ಬಂತು. ಹಳೆಯ ಡಿಸ್ಕ್ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಓದಿದರೆ ಈ ಬಗೆಯ (ಸಾಟಾ) ಎಸ್‌ಎಸ್‌ಡಿ ಸುಮಾರು 500ರಷ್ಟು ಓದುತ್ತದೆ. ಇದೇ ಮಾದರಿ ಇರುವವರು ಮೊದಲು ಈ ಕೆಲಸ ಮಾಡಿಸಿ.

ಈಗ ಎದುರಾಗಿರುವ ತೊಡಕಿಗೆ ಮಾತ್ರ ಅಂಥ ಮದ್ದಿಲ್ಲ. ಇದರಲ್ಲಿದ್ದ ವಿಂಡೋಸ್ 10ಕ್ಕೆ ಸುರಕ್ಷತಾ ಅಪ್‌ಡೇಟ್ ಕೊಡುವ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು, ಕೆಲವು ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರನ್ನು. ನಮ್ಮದು 7ನೆಯದು. ಬಿಡಿ ಮಾನಿಟರ್ ಆಗಿದ್ದರೆ ಪರದೆಯನ್ನು ಇಟ್ಟುಕೊಂಡು ಡಬ್ಬವನ್ನಷ್ಟೇ ಬದಲಿಸಬಹುದಿತ್ತು. ಇದರ ಹಿಂದಿರುವ ಎಚ್‌ಡಿಎಂಐ ಕಿಂಡಿ ಚಿತ್ರವನ್ನು ಹೊರಕ್ಕೆ ಕಳಿಸುತ್ತದೆಯೇ ಹೊರತು ಒಳಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಆಗದ ಕೆಲಸವೇನಲ್ಲ: 2009ರ ಕೊನೆಯ 27 ಇಂಚಿನ ಐಮ್ಯಾಕ್‌ನಿಂದ 2014ರ ಮಧ್ಯದ ಮಾದರಿಗಳವರೆಗೆ ಇನ್ನೊಂದು ಮ್ಯಾಕ್‌ಗೆ ಪರದೆಯಾಗಬಲ್ಲ ಸೌಲಭ್ಯವಿತ್ತು, ಆಮೇಲೆ ಅಲ್ಲಿಯೂ ಅದು ನಿಂತುಹೋಯಿತು. ಸ್ವಚ್ಛ ಬಣ್ಣಗಳ, ಒಂದು ಚುಕ್ಕೆಯೂ ಕೆಡದ ಪರದೆಯನ್ನು ಇ-ತ್ಯಾಜ್ಯಕ್ಕೆ ಹಾಕಲು ನನಗೆ ಮನಸ್ಸು ಬರುತ್ತಿಲ್ಲ.

ಮಗಳ ಅಭಿಪ್ರಾಯ ನನ್ನದಕ್ಕಿಂತ ಮೃದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಅವಳು ಕನ್ನಡ ಬರೆಯಲು ಕಲಿತದ್ದು ಇದರ ಮುಂದೆಯೇ. ನೋಡಲು ಚೆನ್ನಾಗಿದ್ದುದರಿಂದಲೇ ದಿನವೂ ಅದರ ಮುಂದೆ ಕೂರಬೇಕೆನ್ನಿಸುತ್ತಿತ್ತು ಎನ್ನುತ್ತಾಳೆ. ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಸದ್ಯಕ್ಕೆ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಸಿ ಟೈಪಿಂಗಿಗೆ ಇಟ್ಟುಕೊಂಡಿದ್ದೇವೆ. ಜಾಗ ಕಡಿಮೆ ಇರುವ ಮನೆಗೆ, ಓದು ಬರಹಕ್ಕಷ್ಟೇ ಬೇಕೆನ್ನುವವರಿಗೆ ಇಂಥ ಕಂಪ್ಯೂಟರ್ ಬೇಡವೆನ್ನಲಾರೆ. ಆದರೆ ಕೊಳ್ಳಲು ಹೋಗುವಾಗ ಲ್ಯಾಪ್‌ಟಾಪೊಂದನ್ನೂ ಎಚ್‌ಡಿಎಂಐ ಕೇಬಲನ್ನೂ ಜೊತೆಗೆ ಒಯ್ಯಿರಿ, ಅಂಗಡಿಯಲ್ಲೇ ಜೋಡಿಸಿ ಅದರ ಚಿತ್ರ ಈ ಪರದೆಯ ಮೇಲೆ ಮೂಡುತ್ತದೆಯೇ ನೋಡಿ. ಮೂಡದಿದ್ದರೆ ಅದೇ ಹಣಕ್ಕೆ ಬಿಡಿ ಮಾನಿಟರ್ ಮತ್ತು ಡಬ್ಬದ ಬೆಲೆಯನ್ನು ಬರೆಸಿಕೊಂಡು ಬನ್ನಿ.