ಪುಸ್ತಕಸೂಚಿಗೆ ಯಾವ ಕಡತ? ಪೈಥಾನ್‌ನಲ್ಲಿ ಸಿಎಸ್‌ವಿ, ಯಾಮಲ್ ಮತ್ತು ಜೇಸನ್ ಬಳಸಿ ಮಾಡಿದ ಹೋಲಿಕೆ

ಪುಸ್ತಕಸೂಚಿಯೊಂದನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓದಿ, ತಿದ್ದಿ, ಮತ್ತೆ ಕಡತಕ್ಕೆ ಬರೆಯುವ ಕೆಲಸಕ್ಕೆ ನಾನು ಸಿಎಸ್‌ವಿ, ಯಾಮಲ್ ಮತ್ತು ಜೇಸನ್ ಎಂಬ ಮೂರು ಕಡತರೂಪಗಳನ್ನೂ ಬಳಸಿದ್ದೇನೆ. ಈಗ ನೆಲೆನಿಂತಿರುವುದು ಜೇಸನ್ ಲೈನ್ಸ್ ಎಂಬ ಸರಳ ರೂಪದಲ್ಲಿ. ಇದರಲ್ಲಿ ಒಂದು ಪುಸ್ತಕಕ್ಕೆ ಒಂದೇ ಸಾಲು, ಮತ್ತು ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ಣವಾದ ಜೇಸನ್. ಬರೆದಿಟ್ಟ ಮೌಲ್ಯ ಪಠ್ಯವೋ ಸಂಖ್ಯೆಯೋ ಎಂಬುದನ್ನು ಕಡತವೇ ಹೇಳಬೇಕು, ಓದುವ ಪ್ರೋಗ್ರಾಂ ಅದನ್ನು ಊಹಿಸಬಾರದು ಎಂಬುದು ಈ ಆಯ್ಕೆಯ ಹಿಂದಿರುವ ಮುಖ್ಯ ಕಾರಣ.

ಮೌಲ್ಯಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿಎಸ್‌ವಿ ಎಲ್ಲ ಕಡೆ ತೆರೆದುಕೊಳ್ಳುತ್ತದೆ, ಕಡತವೂ ಚಿಕ್ಕದಾಗಿರುತ್ತದೆ. ಆದರೆ ಅದರ ರೂಢಿಯನ್ನು 2005ರಲ್ಲಿ ದಾಖಲಿಸಿದ ಆರ್‌ಎಫ್‌ಸಿ 4180 ಎಂಬ ಇಂಟರ್ನೆಟ್ ದಾಖಲೆ, ಅಲ್ಪವಿರಾಮ, ಉದ್ಧರಣ ಚಿಹ್ನೆ ಮತ್ತು ಸಾಲಿನ ಕೊನೆಯ ಬಗ್ಗೆ ಹೇಳುತ್ತದೆಯೇ ಹೊರತು ಮೌಲ್ಯದ ಬಗೆಯ ಕುರಿತು ಏನನ್ನೂ ಹೇಳುವುದಿಲ್ಲ. ನನಗೆ ತೊಂದರೆ ಬಂದದ್ದು ಅಲ್ಲಿಂದಲೇ.

ಸೂಚಿಯಲ್ಲಿ ಪ್ರತಿ ಪುಸ್ತಕಕ್ಕೂ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಸಂಖ್ಯೆ, ಇದೆ. 2007ರ ಜನವರಿಗೆ ಮೊದಲಿನವು ಹತ್ತು ಸ್ಥಾನದವು, ಅನಂತರದವು ಹದಿಮೂರು ಅಂಕಿಯವು. ಹತ್ತು ಸ್ಥಾನದವುಗಳಲ್ಲಿ ಎಷ್ಟೋ ಸೊನ್ನೆಯಿಂದ ಆರಂಭವಾಗುತ್ತವೆ. ಪಾಂಡಾಸ್ ಎಂಬ ಪೈಥಾನ್ ಪ್ಯಾಕೇಜಿನ ಸಿಎಸ್‌ವಿ ಓದುವ ಫಂಕ್ಷನ್, ಬೇರೆ ಸೂಚನೆ ಕೊಡದಿದ್ದರೆ, ಅಂಕಿಗಳಷ್ಟೇ ಇರುವ ಅಂಕಣವನ್ನು ಪೂರ್ಣಾಂಕವೆಂದು ತಿಳಿದು ಆ ಸೊನ್ನೆಗಳನ್ನು ಕಳೆದುಬಿಡುತ್ತದೆ. ಹೀಗಾಗಿ ಸೂಚಿಯಲ್ಲಿ ಇರುವ ಪುಸ್ತಕವನ್ನೇ ಐಎಸ್‌ಬಿಎನ್ ಕೊಟ್ಟು ಹುಡುಕಿದರೂ ಅದು ಸಿಗುವುದಿಲ್ಲ.

ಸೊನ್ನೆ ಪ್ರತಿ ಬಾರಿಯೂ ಕಳೆದುಹೋಗುತ್ತಿದ್ದರೆ ಕಾರಣ ಬೇಗ ತಿಳಿಯುತ್ತಿತ್ತು. ಆದರೆ ಹತ್ತು ಸ್ಥಾನದ ಐಎಸ್‌ಬಿಎನ್‌ನ ಕೊನೆಯ ಪರೀಕ್ಷಾ ಅಂಕಿಯನ್ನು ಹನ್ನೊಂದರಿಂದ ಭಾಗಿಸುವ ಲೆಕ್ಕದಲ್ಲಿ ಕಂಡುಕೊಳ್ಳುವುದರಿಂದ ಅದು ಕೆಲವೊಮ್ಮೆ ಹತ್ತು ಆಗುತ್ತದೆ, ಆಗ ಅದರ ಜಾಗದಲ್ಲಿ ‘ಎಕ್ಸ್’ ಅಕ್ಷರ ಬರುತ್ತದೆ. ಅಂಥ ಒಂದೇ ಒಂದು ಪುಸ್ತಕ ಸೇರಿದರೂ ಇಡೀ ಅಂಕಣ ಪಠ್ಯವಾಗಿ ಉಳಿದು ಸೊನ್ನೆಗಳೂ ಉಳಿಯುತ್ತವೆ, ಅದನ್ನು ತೆಗೆದರೆ ಸೊನ್ನೆಗಳೂ ಹೋಗುತ್ತವೆ. ಕಡತ ದೊಡ್ಡದಾದರೆ ಗೊಂದಲ ಇನ್ನೂ ಹೆಚ್ಚು. ಪಾಂಡಾಸ್ ಅದನ್ನು ಭಾಗಭಾಗವಾಗಿ ಓದುವುದರಿಂದ ಒಂದು ಭಾಗದಲ್ಲಿ ಪೂರ್ಣಾಂಕಗಳೂ ಮತ್ತೊಂದರಲ್ಲಿ ಪಠ್ಯವೂ ಉಂಟಾಗಿ, ಒಂದೇ ಅಂಕಣದಲ್ಲಿ ಎರಡು ಬಗೆಯ ಮೌಲ್ಯಗಳು ಬೆರೆಯಬಹುದು. ಎಚ್ಚರಿಕೆಯ ಸಂದೇಶವೊಂದು ಬರುತ್ತದೆ ಎಂಬುದು ನಿಜ, ಆದರೆ ಕೆಲಸ ನಿಲ್ಲುವುದಿಲ್ಲ. ಪ್ರಕಟಣೆಯ ವರ್ಷದ ಅಂಕಣವೂ ಹೀಗೆಯೇ. ಒಂದು ಪುಸ್ತಕಕ್ಕೆ ವರ್ಷ ಖಾಲಿ ಇದ್ದರೆ ಸಾಕು, ಉಳಿದೆಲ್ಲ ವರ್ಷಗಳು ದಶಮಾಂಶ ಸಂಖ್ಯೆಗಳಾಗಿ, 1998 ಎಂಬುದು 1998.0 ಆಗುತ್ತದೆ.

ಐಎಸ್‌ಬಿಎನ್ ಅಂಕಣವನ್ನು ಪಠ್ಯವಾಗಿಯೇ ಓದಬೇಕೆಂದು ಪ್ರೋಗ್ರಾಂನಲ್ಲಿ ಬರೆದರೆ ಇದು ಸರಿಹೋಗುತ್ತದೆ. ಪೈಥಾನ್‌ನ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್ ಎಲ್ಲವನ್ನೂ ಪಠ್ಯವಾಗಿಯೇ ಕೊಡುವುದರಿಂದ ಅದರಲ್ಲಿ ಈ ತೊಡಕೇ ಇಲ್ಲ, ಆ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ. ಆದರೂ ಆ ತಿಳಿವಳಿಕೆ ಕಡತದಲ್ಲಿ ಇರದೆ ನನ್ನ ಪ್ರೋಗ್ರಾಂನಲ್ಲಿ ಉಳಿಯುತ್ತದೆ. ಅದೇ ಕಡತವನ್ನು ಮತ್ತೊಬ್ಬರು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಉಳಿಸಿದರೆ ಹದಿಮೂರು ಅಂಕಿಯ ಐಎಸ್‌ಬಿಎನ್ ಘಾತಾಂಕ ರೂಪಕ್ಕೆ ತಿರುಗಿ, ಕೊನೆಯ ಅಂಕಿಗಳು ಶಾಶ್ವತವಾಗಿ ಅಳಿಸಿಹೋಗಬಹುದು. ಇಬ್ಬರು ಮೂವರು ಲೇಖಕರಿರುವ ಪುಸ್ತಕಕ್ಕೆ ಒಂದೇ ಕೋಶದೊಳಗೆ ನಮ್ಮದೇ ವಿಭಜಕ ಚಿಹ್ನೆಯನ್ನು ಹುಡುಕಿಕೊಳ್ಳಬೇಕಾದದ್ದು ಬೇರೆ ಕಷ್ಟ.

ಯಾಮಲ್ ಓದಲು ಮೂರರಲ್ಲಿ ಅತ್ಯಂತ ಹಿತವಾದದ್ದು, ಟಿಪ್ಪಣಿಗಳಿಗೂ ಅವಕಾಶವಿದೆ. ಆದರೆ ಊಹೆಯ ವಿಷಯದಲ್ಲಿ ಅದು ಸಿಎಸ್‌ವಿ ಓದುವ ಪಾಂಡಾಸ್‌ಗಿಂತ ಮುಂದಿದೆ. ಪೈಥಾನ್‌ನಲ್ಲಿ ಯಾಮಲ್ ಓದುವ ಪೈಯಾಮಲ್ ಪ್ಯಾಕೇಜ್ ಅನುಸರಿಸುವುದು ಯಾಮಲ್‌ನ 1.1 ಆವೃತ್ತಿಯನ್ನು, ಅದರಲ್ಲಿ ಉದ್ಧರಣ ಚಿಹ್ನೆಯಿಲ್ಲದ ‘ನೋ’ ಎಂಬ ಇಂಗ್ಲಿಷ್ ಪದ ಅಸತ್ಯ ಎಂಬ ಬೂಲಿಯನ್ ಮೌಲ್ಯವಾಗುತ್ತದೆ. ಭಾಷಾ ಸಂಕೇತಗಳಲ್ಲಿ ಆ ಎರಡಕ್ಷರ ನಾರ್ವೇಜಿಯನ್ ಭಾಷೆಯದು, ಹಾಗಾಗಿ ಸೂಚಿಯಲ್ಲಿ ನಾರ್ವೇಜಿಯನ್ ಪುಸ್ತಕಗಳಿಗೆ ಭಾಷೆಯೇ ಇಲ್ಲದಂತಾಗುತ್ತದೆ. ಸೊನ್ನೆಯಿಂದ ಆರಂಭವಾಗಿ ಎಂಟು, ಒಂಬತ್ತು ಅಂಕಿಗಳಿಲ್ಲದ ಐಎಸ್‌ಬಿಎನ್‌ಗಳನ್ನು ಅದು ಅಷ್ಟಮಾನ (ಎಂಟರ ಆಧಾರದ) ಸಂಖ್ಯೆಯೆಂದು ಓದುತ್ತದೆ, ಎಂಟೋ ಒಂಬತ್ತೋ ಬಂದರೆ ಪಠ್ಯವಾಗಿ ಬಿಡುತ್ತದೆ. ಸೆಟ್ಟಿಂಗ್‌ಗಳ ಸಣ್ಣ ಕಡತಕ್ಕೆ ಯಾಮಲ್ ಇರಲಿ. ಬೇರೆ ಬೇರೆ ಕಡೆಯಿಂದ ಬಂದ ಮಾಹಿತಿಗೆ ಅದನ್ನು ನಾನು ಒಪ್ಪುವುದಿಲ್ಲ. ಟಾಮಲ್ ಎಂಬ ಇನ್ನೊಂದು ಕಡತರೂಪ ಸೆಟ್ಟಿಂಗ್‌ಗಳಿಗೆ ಇನ್ನೂ ಉತ್ತಮ, ಆದರೆ ಪೈಥಾನ್ 3.11ರಿಂದ ಜೊತೆಗೆ ಬರುವ ಅದರ ಮಾಡ್ಯೂಲ್ ಓದುತ್ತದೆ ಮಾತ್ರ, ಬರೆಯುವುದಿಲ್ಲ.

ಜೇಸನ್‌ನಲ್ಲಿ ಉದ್ಧರಣ ಚಿಹ್ನೆಯೊಳಗಿದ್ದದ್ದು ಪಠ್ಯ, ಆ ಚಿಹ್ನೆಯಿಲ್ಲದ ಅಂಕಿ ಸಂಖ್ಯೆ, ಲೇಖಕರು ಪಟ್ಟಿ, ಖಾಲಿ ವರ್ಷಕ್ಕೆ ‘ಮೌಲ್ಯವಿಲ್ಲ’ ಎನ್ನುವ ನಲ್. ಪಠ್ಯದೊಳಗಿನ ಸಾಲುಮುರಿತವನ್ನೂ ಅದು ಸಂಕೇತವಾಗಿ ಬರೆಯುವುದರಿಂದ ಒಂದು ದಾಖಲೆ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಹೊಸ ಪುಸ್ತಕ ಬಂದರೆ ಕಡತದ ಕೊನೆಗೆ ಒಂದು ಸಾಲು ಸೇರಿಸಿದರಾಯಿತು, ಹಾಳಾದ ಸಾಲೊಂದಿದ್ದರೆ ಅದರ ಸಂಖ್ಯೆಯನ್ನು ತೋರಿಸಿ ಮುಂದೆ ಸಾಗಬಹುದು.

ಕೊರತೆಗಳೂ ಇವೆ. ದಿನಾಂಕಕ್ಕೆ ಪ್ರತ್ಯೇಕ ಬಗೆಯಿಲ್ಲ, ಹಾಗಾಗಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಪಠ್ಯವಾಗಿ ಇಡುತ್ತೇನೆ. ಕ್ಷೇತ್ರದ ಹೆಸರು ಪ್ರತಿ ಸಾಲಿನಲ್ಲೂ ಮರುಕಳಿಸಿ ಕಡತ ಉಬ್ಬುತ್ತದೆ. ಕನ್ನಡ ಬರೆಯುವವರು ಮುಖ್ಯವಾಗಿ ಗಮನಿಸಬೇಕಾದದ್ದು ಪೈಥಾನ್‌ನ ಜೇಸನ್ ಮಾಡ್ಯೂಲಿನ ಎನ್ಶೂರ್ ಆಸ್ಕಿ ಎಂಬ ಆಯ್ಕೆ: ಅದನ್ನು ಫಾಲ್ಸ್ ಮಾಡದಿದ್ದರೆ ಪೈಥಾನ್ ಪ್ರತಿ ಕನ್ನಡ ಸಂಕೇತವನ್ನೂ ಆರು ಚಿಹ್ನೆಗಳ ಯೂನಿಕೋಡ್ ಸಂಖ್ಯೆಯಾಗಿ ಬರೆಯುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತಪದ್ಧತಿಯಲ್ಲಿ ಅದಕ್ಕೆ ಬೇಕಾಗುವುದು ಮೂರೇ ಬೈಟ್. ಗಾತ್ರಕ್ಕಿಂತಲೂ, ಕಡತದ ತಿದ್ದುಪಡಿಗಳನ್ನು ದಾಖಲಿಸುವ ಗಿಟ್‌ನಲ್ಲಿ ಬದಲಾವಣೆಯನ್ನು ನೋಡುವಾಗ ಪುಸ್ತಕದ ಹೆಸರೇ ಓದಲಾಗದಿರುವುದು ನನಗೆ ಸಹಿಸಲಾಗದ ಸಂಗತಿ.

ನನ್ನದು ಕಡಿಮೆ ಮೆಮೊರಿಯ ಹಳೆಯ ಕಂಪ್ಯೂಟರ್. ಹೊರಗಿನ ಪ್ಯಾಕೇಜುಗಳನ್ನು ಆದಷ್ಟು ದೂರವಿಡುವುದು, ಪ್ರತಿ ತಿದ್ದುಪಡಿಯನ್ನೂ ಗಿಟ್‌ನಲ್ಲಿ ಸಾಲುಸಾಲಾಗಿ ಪರಿಶೀಲಿಸುವುದು ನನ್ನ ಅಭ್ಯಾಸ. ಸಾಲೊಂದನ್ನು ಓದಿ, ಸಂಸ್ಕರಿಸಿ, ಬಿಟ್ಟುಬಿಡುವ ಜೇಸನ್ ಲೈನ್ಸ್ ಇದಕ್ಕೆಲ್ಲ ಹೊಂದುತ್ತದೆ. ಏಕಕಾಲಕ್ಕೆ ಹಲವರು ತಿದ್ದುವ ಸೂಚಿಯಾಗಿದ್ದರೆ ಎಸ್‌ಕ್ಯೂಲೈಟ್ ಡೇಟಾಬೇಸ್ ಆಯ್ಕೆಮಾಡುತ್ತಿದ್ದೆ. ಸ್ಪ್ರೆಡ್‌ಶೀಟ್ ಬಯಸುವವರಿಗೆ ಈಗಲೂ ಸಿಎಸ್‌ವಿಯನ್ನು ತಯಾರಿಸಿ ಕೊಡುತ್ತೇನೆ. ಕನ್ನಡ ಕೆಡದಂತೆ ಬಾಮ್ (ಕಡತದ ಆರಂಭದಲ್ಲಿ ಬರುವ ಸಂಕೇತಪದ್ಧತಿಯ ಗುರುತು) ಸಹಿತವಾದ ಯುಟಿಎಫ್-8ರಲ್ಲಿ ಬರೆಯುತ್ತೇನೆ, ಮತ್ತು ಹಾಗೆ ಹೊರಗೆ ಹೋದ ಕಡತವನ್ನು ಸೂಚಿಗೆ ಮರಳಿ ಸೇರಿಸಿಕೊಳ್ಳುವುದಿಲ್ಲ.