ಹಲ್ಲಿನ ಪ್ರೊಬಯಾಟಿಕ್ ಮಾತ್ರೆ: ಒಸಡಿಗಾದ್ರೆ ನೋಡಿ, ಎನಾಮೆಲ್‌ಗೆ ಅಂತ ತಗೊಳ್ಬೇಡಿ

ನಾನು ಬದಿಯಡ್ಕ ಕಡೆಯವಳು. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಈ ಚೀಪುವ ಮಾತ್ರೆ ಶುರು ಮಾಡಿ ವರ್ಷ ದಾಟಿತು. ತಣ್ಣೀರು ಕುಡಿದ್ರೆ ಹಲ್ಲು ಜುಂ ಅಂತಿತ್ತು, ಜಾಹೀರಾತಲ್ಲಿ ಎನಾಮೆಲ್ ಮತ್ತೆ ಬೆಳೆಯುತ್ತೆ ಅಂತ ಇತ್ತು, ತರಿಸಿದೆ.

ಬೆಳೆಯುವುದಿಲ್ಲ ಮಾರಾಯ್ರೇ. ಎನಾಮೆಲ್ ಅಂದ್ರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಸುಮಾರು 96% ಖನಿಜ, ಅದನ್ನು ಕಟ್ಟುವ ಕೋಶಗಳು ಹಲ್ಲು ಹೊರಗೆ ಬರುವಾಗಲೇ ಮುಗಿದು ಹೋಗಿರ್ತವೆ. ಮೆತ್ತಗಾದ ಕಡೆ ಎಂಜಲಿನ ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಸೇರಿ ಗಟ್ಟಿ ಮಾಡ್ಬಹುದು, ಸವೆದು ಹೋದದ್ದು ಹೋಯ್ತು.

ಹಾಗಾದ್ರೆ ಈ ಬ್ಯಾಕ್ಟೀರಿಯಾಕ್ಕೆ ಎಂತ ಕೆಲಸ? ನನ್ನ ಡಬ್ಬಿಯಲ್ಲಿದ್ದದ್ದು ಸ್ಟ್ರೆಪ್ಟೋಕಾಕಸ್ ಸಲೈವೇರಿಯಸ್ ಎಂ18, ನ್ಯೂಜಿಲೆಂಡಿನ ತಳಿ. ಅದು ಎಂಜಲಿನ ಯೂರಿಯಾದಿಂದ ಅಮೋನಿಯಾ ಮಾಡಿ ಹುಳಿ ತಗ್ಗಿಸ್ತದೆ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗೆ ಹೋದ್ರೆ ಎನಾಮೆಲ್ ಕರಗ್ಲಿಕ್ಕೆ ಶುರು ಅಲ್ವಾ, ಅದಕ್ಕೆ. ಕೆ12 ಅಂತ ಇನ್ನೊಂದು ಉಂಟು, ಅದು ಗಂಟಲಿಗೆ, ಬಾಯಿ ವಾಸನೆಗೆ, ನಂಬರ್ ನೋಡಿ ತಗೊಳ್ಳಿ. ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಇರುವ ಮಾತ್ರೆಯಾದ್ರೆ ಇನ್ನೂ ಜಾಗ್ರತೆ, ಹಲವು ತಾವೇ ಆಸಿಡ್ ಮಾಡ್ತವೆ, ಹುಳುಕು ಹಲ್ಲಿನ ಗುಂಡಿಯಲ್ಲಿ ಅವುಗಳದ್ದೇ ಸಂಸಾರ.

ಲಾಭ? ಬೆಳಿಗ್ಗೆ ಹಲ್ಲಿನ ಜಿಗುಟು ಕಡಿಮೆ, ಬ್ರಷ್ ಮಾಡುವಾಗ ರಕ್ತ ಬರುವುದು ನಿಂತಿತು. ಆದ್ರೆ ಆಗಲೇ ಕ್ಲೀನಿಂಗ್ ಕೂಡ ಮಾಡಿಸಿದ್ದೆ, ಮಾರ್ಕು ಯಾರಿಗೆ ಕೊಡುವುದು! ಜುಂ ಅನ್ನುವುದು ಮಾತ್ರ ಮಾತ್ರೆಗೆ ಜಗ್ಗಲಿಲ್ಲ. ಡೆಂಟಿಸ್ಟ್ ಹೇಳಿದ ಫ್ಲೋರೈಡ್ ಪೇಸ್ಟ್ ಹಾಕಿ, ಪುನರ್ಪುಳಿ ಶರಬತ್ತನ್ನು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುವುದು ಬಿಟ್ಟು, ಹುಳಿ ಕುಡಿದ ಕೂಡ್ಲೆ ಬ್ರಷ್ ಮಾಡುವುದೂ ಬಿಟ್ಟ ಮೇಲೆ ತಗ್ಗಿತು. ಅಮ್ಮ ಅಂತೂ ಮೊದಲೇ, ಮಜ್ಜಿಗೆಯಲ್ಲಿಲ್ಲದ್ದು ಇದರಲ್ಲೆಂತ ಉಂಟು ಅಂದಿದ್ರು. ಮಜ್ಜಿಗೆ ಹಲ್ಲಲ್ಲಿ ನಿಲ್ಲುವುದಿಲ್ಲ, ಅದೂ ಹುಳಿಯೇ, ಅಂದ್ರೆ ಕೇಳ್ಬೇಕಲ್ಲ.

ರಾತ್ರಿ ಬ್ರಷ್ ಆದ ಮೇಲೆ ಚೀಪಿ ಹಾಗೇ ಮಲಗ್ಬೇಕು, ನೀರೂ ಕುಡಿಯುವ ಹಾಗಿಲ್ಲ. ಆಟಿ ಮಳೆಗೆ ಮಾತ್ರೆ ಡಬ್ಬಿಯಲ್ಲೇ ಅಂಟಿಕೊಂಡಿತು, ಫ್ರಿಜ್ಜಲ್ಲಿಡುವ ಅಂದ್ರೆ ನಮ್ಮಲ್ಲಿ ಕರೆಂಟು ಯಾವಾಗ ಹೋಗ್ತದೋ. ಆಂಟಿಬಯಾಟಿಕ್ ಕೋರ್ಸ್ ತಗೊಂಡ್ರೆ, ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹಾಕಿದ್ರೆ, ಈ ಬ್ಯಾಕ್ಟೀರಿಯಾವೂ ಸಾಯ್ತದೆ. ಮಾತ್ರೆ ನಿಲ್ಲಿಸಿದ್ರೂ ಬಾಯಲ್ಲಿ ಹೆಚ್ಚು ಸಮಯ ಉಳಿಯುವುದಿಲ್ಲ, ಅಂದ್ರೆ ಖರ್ಚು ಮುಗಿಯುವುದೇ ಇಲ್ಲ.

5ರಲ್ಲಿ 2 ಸ್ಟಾರ್, ಅದೂ ಒಸಡಿಗೆ. ಈ ಡಬ್ಬಿ ಮುಗಿದ್ರೆ ಮತ್ತೆ ತರಿಸುವುದಿಲ್ಲ.