ಕುಸಿದ ಕಾಯಿಲ್ ಸ್ಪ್ರಿಂಗ್‌ಗಳಿಗೆ ಬೈಕಂಪಾಡಿಯಲ್ಲಿ ಸಿಕ್ಕ ಶ್ರದ್ಧೆಯ ಕೆಲಸ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಸಸ್ಪೆನ್ಷನ್ (ಗಾಡಿಯ ಭಾರ ಹೊತ್ತು ಕುಲುಕಾಟ ತಗ್ಗಿಸುವ ಭಾಗಗಳ) ಕೆಲಸವನ್ನಷ್ಟೇ ಮಾಡುವ ಸಣ್ಣದೊಂದು ವರ್ಕ್‌ಶಾಪ್ ಇದೆ. ಮುಂದೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್, ಹಿಂದೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇರುವ ನಮ್ಮ ಹಳೆಯ ಪಿಕಪ್ ಮಲ್ಪೆ ಬಂದರಿನಿಂದ ಮೀನು ಸಾಗಿಸುತ್ತದೆ. ಅದರ ಮುಂಭಾಗ ಖಾಲಿ ಇದ್ದಾಗಲೂ ಸ್ಪ್ರಿಂಗ್ ಅತಿಯಾಗಿ ಕುಗ್ಗಿದಾಗ ತಡೆಯುವ ಬಂಪ್ ಸ್ಟಾಪಿನ ರಬ್ಬರಿಗೆ ಬಡಿಯುವಷ್ಟು ಕುಸಿದಿತ್ತು. ಚಾಲಕನ ಬದಿಯಂತೂ ಎಡಬದಿಗಿಂತ ಸುಮಾರು ಒಂದು ಇಂಚು ತಗ್ಗಿತ್ತು.

ಉಡುಪಿಯ ಒಂದು ಗ್ಯಾರೇಜಿನಲ್ಲಿ, ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿದರೆ ಸಾಕು ಎಂಬ ಸಲಹೆ ಸಿಕ್ಕಿತ್ತು. ಬೈಕಂಪಾಡಿಯ ಹಿರಿಯ ಮೆಕ್ಯಾನಿಕ್ ಅದನ್ನು ಒಪ್ಪಲಿಲ್ಲ. ಅವರು ಮೊದಲು ನಾಲ್ಕೂ ಟಯರುಗಳ ಗಾಳಿಯನ್ನು ಸರಿಪಡಿಸಿ, ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಯಲ್ಲಿ ಅಳೆದು ಬರೆದುಕೊಂಡರು. ಟಯರಿನ ಗಾಳಿಯ ವ್ಯತ್ಯಾಸ ಈ ಅಳತೆಯನ್ನು ಕೆಡಿಸದಿರಲೆಂದೇ ನೆಲದಿಂದ ಅಳೆಯದೆ ಚಕ್ರದ ನಡುವಿನಿಂದ ಅಳೆಯುವುದು.

ಕಳಚಿದ ಸ್ಪ್ರಿಂಗ್ ನೋಡಿದಾಗ ಕಾರಣ ಸ್ಪಷ್ಟವಾಯಿತು. ವರ್ಷಗಟ್ಟಲೆ ಭಾರ ಹೊತ್ತ ಉಕ್ಕು ನಿಧಾನವಾಗಿ ತನ್ನ ಮೂಲ ಉದ್ದವನ್ನು ಕಳೆದುಕೊಳ್ಳುತ್ತದೆ. ಆಗ ಗಾಡಿ ತಗ್ಗುತ್ತದೆಯಾದರೂ ಸ್ಪ್ರಿಂಗಿನ ಬಿಗುವು (ಅದನ್ನು ಅದುಮಲು ಎಷ್ಟು ಬಲ ಬೇಕು ಎಂಬುದು) ಹೆಚ್ಚೇನೂ ಬದಲಾಗುವುದಿಲ್ಲ. ತುಕ್ಕಿನ ಕತೆ ಬೇರೆ. ಬಿಗುವು ತಂತಿಯ ದಪ್ಪದ ನಾಲ್ಕನೇ ಘಾತವನ್ನು ಅವಲಂಬಿಸಿರುವುದರಿಂದ, ದಪ್ಪ ಶೇ. 5ರಷ್ಟು ಸವೆದರೂ ಬಿಗುವು ಶೇ. 18ಕ್ಕಿಂತ ಹೆಚ್ಚು ಇಳಿಯುತ್ತದೆ. ಕಡಲಿನ ಗಾಳಿ, ನಾಲ್ಕು ತಿಂಗಳ ಮಳೆ, ಮೀನಿನ ಗಾಡಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರು ಇವೆಲ್ಲ ಸೇರಿದ ಕರಾವಳಿಯಲ್ಲಿ ಇದು ಕಡೆಗಣಿಸುವ ವಿಷಯವಲ್ಲ. ಬಫರ್ ಹಾಕಿದರೆ ಆ ಭಾಗದ ಸುತ್ತುಗಳು ಅಲುಗಾಡದೆ, ಅವುಗಳ ಕೆಲಸವೂ ಉಳಿದ, ಈಗಾಗಲೇ ಸವೆದ ಸುತ್ತುಗಳ ಮೇಲೆ ಬೀಳುತ್ತದೆ. ಸ್ಪ್ರಿಂಗನ್ನು ಕಾಯಿಸಿ ಎಳೆದು ಉದ್ದ ಮಾಡುವ ಪದ್ಧತಿ ಇನ್ನೂ ಅಪಾಯಕಾರಿ, ಏಕೆಂದರೆ ಉಕ್ಕಿಗೆ ಕೊಟ್ಟ ಹದವೇ ಅದರಿಂದ ಹಾಳಾಗುತ್ತದೆ.

ಹಾಗಾಗಿ ನಮ್ಮ ಮಾದರಿಗೂ ಎಂಜಿನ್ನಿಗೂ ಹೊಂದುವ ಹೊಸ ಸ್ಪ್ರಿಂಗ್‌ಗಳನ್ನು ಎರಡೂ ಬದಿಗೆ ಜೊತೆಯಾಗಿಯೇ ಹಾಕಿಸಿದೆವು. ಒಂದು ಬದಿಗೆ ಮಾತ್ರ ಹಾಕಲು ಅವರು ಒಪ್ಪುವುದಿಲ್ಲ, ಅದು ಸರಿಯೂ ಹೌದು. ಸ್ಪ್ರಿಂಗ್ ಕೂರುವ ರಬ್ಬರ್, ಬಂಪ್ ಸ್ಟಾಪ್ ಎರಡನ್ನೂ ಬದಲಿಸಿದರು. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಲೋವರ್ ಆರ್ಮಿನ (ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳಿನ) ಬುಷ್ ಎಂಬ ರಬ್ಬರ್ ಕೀಲುಗಳ ಬೋಲ್ಟುಗಳ ವಿಷಯದಲ್ಲಿ ಅವರು ತೋರಿದ ಎಚ್ಚರ. ಚಕ್ರ ನೇತಾಡುತ್ತಿರುವಾಗಲೇ ಅವುಗಳನ್ನು ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇಲ್ಲಿ ಗಾಡಿಯನ್ನು ಇಳಿಸಿ, ಮುಂಭಾಗವನ್ನು ಕೆಲವು ಸಲ ಅದುಮಿ ಬಿಟ್ಟು, ತನ್ನ ಭಾರದ ಮೇಲೆ ನಿಂತಾಗ ಕೊನೆಯ ಬಿಗಿ ಕೊಟ್ಟರು.

ಕೊರತೆಗಳೂ ಇವೆ. ಹಳೆಯ ಮಾದರಿಯ ಸ್ಪ್ರಿಂಗ್ ಅಂಗಡಿಯಲ್ಲಿ ಸಿದ್ಧವಿರಲಿಲ್ಲ. ತರಿಸುವವರೆಗೆ ಗಾಡಿ ಅಲ್ಲಿಯೇ ನಿಲ್ಲಬೇಕಾಯಿತು, ಬಾಡಿಗೆಯ ಮೇಲೆ ಬದುಕುವವರಿಗೆ ಅದು ನಷ್ಟ. ಚಕ್ರಗಳ ಕೋನ ಸರಿಪಡಿಸುವ ವೀಲ್ ಅಲೈನ್‌ಮೆಂಟ್ ಯಂತ್ರವೂ ಇಲ್ಲ. ಎತ್ತರ ಬದಲಾದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟಯರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ನಾವು ಅದನ್ನು ಬೇರೆಡೆ ಮಾಡಿಸಿ, ಹೆಡ್‌ಲೈಟಿನ ಬೆಳಕನ್ನೂ ತಗ್ಗಿಸಿಕೊಂಡೆವು. ಇವೆರಡನ್ನೂ ಮಾಡಿಸಬೇಕೆಂದು ಬಿಲ್ಲಿನಲ್ಲೇ ಬರೆದುಕೊಟ್ಟಿದ್ದರು.

ಈಗ ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮುಂಭಾಗ ಮೊದಲಿನಂತೆ ಮುಗ್ಗರಿಸುವುದಿಲ್ಲ, ರಬ್ಬರ್ ಬಡಿಯುವ ಸದ್ದೂ ಇಲ್ಲ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆಂದು ಮರಳಿ ಬರಹೇಳಿದ್ದರಿಂದ ಹೋದೆವು. ಎರಡೂ ಬದಿಯ ಎತ್ತರ ಸಮವಾಗಿತ್ತು, ಆ ಅಳತೆಗೆ ಹಣ ಕೇಳಲಿಲ್ಲ. ಲೀಫ್ ಸ್ಪ್ರಿಂಗ್ ಕೆಲಸವನ್ನೂ ಅವರು ವಹಿಸಿಕೊಳ್ಳುತ್ತಾರೆ, ಆದರೆ ಮುಂಚಿತವಾಗಿ ಹೇಳಿಟ್ಟು ಹೋಗಬೇಕು.